ಗೋರ್ಟಾದ ಒಂದು ಸಿಂಗರ್ ಹೊಲಿಗೆ ಯಂತ್ರ: ಕಂಪನಿಯ ಕಡತ ಮತ್ತು ಮನೆಯ ಮಾತು

ಬಸವಕಲ್ಯಾಣ ಸಮೀಪದ ಗೋರ್ಟಾ (ಬಿ) ಗ್ರಾಮದಿಂದ ಬಂದ ನಮ್ಮ ಮನೆತನದಲ್ಲಿ ಕೈಯಿಂದ ತಿರುಗಿಸುವ ಸಿಂಗರ್ ಹೊಲಿಗೆ ಯಂತ್ರವೊಂದು ಉಳಿದುಕೊಂಡಿದೆ. ಅದರ ಬಗ್ಗೆ ಮನೆಯ ಹಿರಿಯರದು ಒಂದೇ ಮಾತು: ‘ಹಾವಳಿಗಿಂತ ಮೊದಲಿಂದದು, ಮುತ್ಯಾ ತಂದಾನ.’ ಮುತ್ಯಾ ಎಂದರೆ ಅಜ್ಜ; ಹಾವಳಿ ಎಂದರೆ ನಿಜಾಮರ ಪರವಾಗಿದ್ದ ಸಶಸ್ತ್ರ ಪಡೆಯಾದ ರಜಾಕಾರರ 1948ರ ಹಾವಳಿ. ಈ ಮಾತಿಗೆ ಲಿಖಿತ ಆಧಾರ ಎಷ್ಟರಮಟ್ಟಿಗೆ ಸಿಗುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ. ಕಂಪನಿಯ ಕಡತ ವಸ್ತುವಿನ ಹುಟ್ಟನ್ನು ಹೇಳುತ್ತದೆ, ಮನೆಯ ಮಾತು ಅದರ ಬಾಳನ್ನು ಹೇಳುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ತೂಗಿ ನೋಡಿದ ಮೇಲೆಯೇ ಜೋಡಿಸಬೇಕು ಎಂಬುದು ನನ್ನ ನಿಲುವು.

ವಸ್ತು

ಯಂತ್ರದ ಮೈ ಎರಕದ ಕಬ್ಬಿಣದ್ದು, ಮೇಲೆ ಕಪ್ಪು ಅರಗಿನಂಥ ಹೊಳಪು ಲೇಪ. ಚಿನ್ನದ ಬಣ್ಣದ ಬಳ್ಳಿ ಚಿತ್ತಾರ ಹಿಂಬದಿಯಲ್ಲಿ ಇನ್ನೂ ನಿಚ್ಚಳವಾಗಿದೆ. ಹೊಲಿಯುವವರ ಎದುರಿನ ಅಂಚಿನಲ್ಲಿ ಬಟ್ಟೆ ತಿಕ್ಕಿ ತಿಕ್ಕಿ ಪೂರ್ತಿ ಅಳಿಸಿಹೋಗಿದೆ. ಇಟ್ಟು ಪೂಜಿಸಿದ ಯಂತ್ರವಲ್ಲ, ದುಡಿದ ಯಂತ್ರ ಎಂಬುದಕ್ಕೆ ಈ ಸವೆತವೇ ಸಾಕ್ಷಿ. ಸೂಜಿಯ ಕೆಳಗಿನ ಉಕ್ಕಿನ ತಗಡನ್ನು ಸರಿಸಿದರೆ ಈಗಿನ ಗುಂಡು ಬಾಬಿನ್ ಕಾಣುವುದಿಲ್ಲ. ಬಂದೂಕಿನ ಗುಂಡಿನ ಆಕಾರದ ಉದ್ದನೆಯ ಶಟಲ್, ಅದರೊಳಗೆ ಕಡ್ಡಿಯಂಥ ಸಣ್ಣ ಬಾಬಿನ್ ಇದೆ. ಹಿಡಿಕೆ ತಿರುಗಿಸಿದಾಗ ಶಟಲ್ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಇದು ಸಿಂಗರ್ ಕಂಪನಿಯ 28ಕೆ ಮಾದರಿಯ ಲಕ್ಷಣ. ‘ಕೆ’ ಅಕ್ಷರ ಸ್ಕಾಟ್ಲೆಂಡಿನ ಕಿಲ್ಬೋವಿ ಕಾರ್ಖಾನೆಯ ಗುರುತು.

ಎಲ್ಲ ಭಾಗಗಳೂ ಮೂಲದವಲ್ಲ. ಹಿಡಿಕೆಯ ಮರದ ಗುಬ್ಬಿ ಊರ ಬಡಗಿಯ ಕೈಕೆಲಸ. ಕಮಾನಿನಂತೆ ಬಾಗಿದ ಮರದ ಮುಚ್ಚಳ ಹೋಗಿ, ಸಾಗುವಾನಿಯ ಚೌಕ ಪೆಟ್ಟಿಗೆ ಬಂದಿದೆ. ಕಂಪನಿಯ ನಂಬರು ಸಾಕ್ಷಿ ಹೇಳುವುದು ಅದನ್ನು ಒತ್ತಿರುವ ಕಬ್ಬಿಣದ ಮೈಗೆ ಮಾತ್ರ, ಆಮೇಲೆ ಸೇರಿದ ಗುಬ್ಬಿಗೂ ಪೆಟ್ಟಿಗೆಗೂ ಅಲ್ಲ. ಆದ್ದರಿಂದ ಮೊದಲಿದ್ದದ್ದನ್ನೂ ನಂತರ ಸೇರಿದ್ದನ್ನೂ ಬೇರೆ ಬೇರೆಯಾಗಿ ದಾಖಲಿಸಬೇಕು.

ನಂಬರು ಮತ್ತು ರಿಜಿಸ್ಟರು

ನಂಬರು ಇರುವುದು ಮೈಯ ಬಲಭಾಗದಲ್ಲಿ, ಕಂಬದ ಬುಡದ ಹತ್ತಿರ. ದಶಕಗಳ ಎಣ್ಣೆ ಜಿಡ್ಡು ಅದನ್ನು ಮುಚ್ಚಿರುತ್ತದೆ. ಉಪ್ಪುಕಾಗದ ಹಾಕಿ ಉಜ್ಜಿದರೆ ಚಿತ್ತಾರವೂ ಹೋಗುತ್ತದೆ, ಅಂಕಿಯೂ ಸವೆಯುತ್ತದೆ. ಮಿಷಿನ್ ಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಅಂಕಿಗಳ ತಗ್ಗಿಗೆ ಸೀಮೆಸುಣ್ಣದ ಪುಡಿ ತುಂಬಿ, ಬೆಳಕು ಓರೆಯಾಗಿ ಬೀಳುವಂತೆ ಹಿಡಿದರೆ 3 ಯಾವುದು, 8 ಯಾವುದು ಎಂಬುದು ಸ್ಪಷ್ಟವಾಗುತ್ತದೆ. ನಮ್ಮ ಯಂತ್ರದ ನಂಬರು ‘ವೈ’ ಅಕ್ಷರದಿಂದ ಶುರುವಾಗುತ್ತದೆ, ಅದರ ಮುಂದೆ ಏಳು ಅಂಕಿಗಳಿವೆ.

ಕಿಲ್ಬೋವಿ ಕಾರ್ಖಾನೆ ಗ್ಲಾಸ್ಗೊ ಸಮೀಪದ ಕ್ಲೈಡ್‌ಬ್ಯಾಂಕ್ ಪಟ್ಟಣದಲ್ಲಿತ್ತು. 1885ರಲ್ಲಿ ಕೆಲಸ ಆರಂಭಿಸಿ 1980ರಲ್ಲಿ ಮುಚ್ಚಿತು. 1913ರ ಒಂದೇ ವರ್ಷದಲ್ಲಿ ಅಲ್ಲಿಂದ ಸುಮಾರು 13 ಲಕ್ಷ ಯಂತ್ರಗಳು ಹೊರಹೋದವು. ಇಷ್ಟೊಂದು ಯಂತ್ರಗಳ ಲೆಕ್ಕ ಇಡಲು ಕಂಪನಿ ನಂಬರುಗಳನ್ನು ಬ್ಯಾಚುಗಳಾಗಿ ವಿಂಗಡಿಸುತ್ತಿತ್ತು. ಯಾವ ದಿನ, ಯಾವ ಮಾದರಿಗೆ, ಎಲ್ಲಿಂದ ಎಲ್ಲಿವರೆಗಿನ ನಂಬರು ಕೊಡಲಾಯಿತು ಎಂಬುದನ್ನು ರಿಜಿಸ್ಟರಿನಲ್ಲಿ ಬರೆದಿಡುತ್ತಿತ್ತು. ಸಂಗ್ರಾಹಕರು ಬಳಸುವ ಕೋಷ್ಟಕಗಳಿಗೆ ಇದೇ ಆಧಾರ. ಅವುಗಳ ಪ್ರಕಾರ ‘ವೈ’ ಸರಣಿ 1921ರಿಂದ 1935ರವರೆಗೆ ನಡೆಯಿತು, ನಂತರ ‘ಇಎ’ಯಂಥ ಜೋಡಿ ಅಕ್ಷರಗಳು ಬಂದವು. ನಮ್ಮ ನಂಬರು ಸರಣಿಯ ನಡುಭಾಗದ್ದು. ಆದ್ದರಿಂದ ಯಂತ್ರವನ್ನು 1920ರ ದಶಕದ ಉತ್ತರಾರ್ಧಕ್ಕೆ ಸೇರಿಸಬಹುದು.

ಇಲ್ಲಿ ಎರಡು ಎಚ್ಚರಿಕೆ ಬೇಕು. ರಿಜಿಸ್ಟರಿನ ತಾರೀಖು ನಂಬರು ಹಂಚಿದ ತಾರೀಖು. ಯಂತ್ರ ತಯಾರಾಗಿ ಮುಗಿದದ್ದು, ಹಡಗು ಹತ್ತಿದ್ದು, ಮಾರಾಟವಾದದ್ದು ಅದರ ನಂತರ. ಎರಡನೆಯದಾಗಿ, ನಂಬರಿಗೂ ಮಾದರಿಗೂ ತಾಳೆಯಾಗಬೇಕು. ಆ ಬ್ಯಾಚು ಬೇರೆ ಮಾದರಿಯದೆಂದು ರಿಜಿಸ್ಟರು ಹೇಳಿದರೆ, ಅಂಕಿಯನ್ನು ಮತ್ತೆ ಓದಬೇಕು ಅಥವಾ ಯಂತ್ರವನ್ನೇ ಅನುಮಾನಿಸಬೇಕು. ಇಂಥ ಅನುಮಾನಕ್ಕೆ ಕಾರಣವಿದೆ: 1930ರ ದಶಕದ ನಡುವಿನಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ಸಂಸ್ಥೆ ‘ಉಷಾ’ ಯಂತ್ರ ತಯಾರಿಸತೊಡಗಿದ ಮೇಲೆ ಸ್ವದೇಶಿ ಯಂತ್ರಗಳೂ ಹಳ್ಳಿಗಳಿಗೆ ಬಂದವು. ಆಡುಮಾತಿನಲ್ಲಿ ಯಾವ ಹೊಲಿಗೆ ಮಿಷಿನ್ ಆದರೂ ‘ಸಿಂಗರ್’ ಆಗಿಬಿಡುವುದುಂಟು. ಹಾಗಾಗಿ ಹೆಸರನ್ನಷ್ಟೇ ನಂಬದೆ ಕಬ್ಬಿಣವನ್ನು ನೋಡಬೇಕು.

ಕಾರ್ಖಾನೆಯ ವಸ್ತುಗಳೂ ದಾಖಲೆಗಳೂ ಇಂದು ಕ್ಲೈಡ್‌ಬ್ಯಾಂಕ್ ಇರುವ ಪಶ್ಚಿಮ ಡನ್‌ಬಾರ್ಟನ್‌ಶೈರ್ ಆಡಳಿತದ ಸಂಗ್ರಹದಲ್ಲಿವೆ. ಕಂಪನಿಯ ಪತ್ರವ್ಯವಹಾರದ ದೊಡ್ಡ ಭಾಗ ಅಮೆರಿಕದ ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯಲ್ಲಿದೆ. ಇತಿಹಾಸಕಾರ ಡೇವಿಡ್ ಅರ್ನಾಲ್ಡ್ ಭಾರತದ ಹೊಲಿಗೆ ಯಂತ್ರ, ಸೈಕಲ್, ಬೆರಳಚ್ಚು ಯಂತ್ರಗಳ ಚರಿತ್ರೆ ಬರೆದು, ಸಾಮಾನ್ಯರ ಮನೆಯ ವಸ್ತುವೂ ಗಂಭೀರ ಅಧ್ಯಯನಕ್ಕೆ ಅರ್ಹ ಎಂಬುದನ್ನು ತೋರಿಸಿದ್ದಾರೆ.

ಬಂದ ದಾರಿ

19ನೇ ಶತಮಾನದ ಕೊನೆಯ ಹೊತ್ತಿಗೆ ಸಿಂಗರ್ ಕಂಪನಿಯ ಭಾರತದ ವ್ಯವಹಾರ ಎನ್. ಎಂ. ಪಟೇಲ್ ಎಂಬ ಪಾರ್ಸಿ ವ್ಯಾಪಾರಿಯ ಕೈಯಲ್ಲಿತ್ತು. ಪೂರ್ತಿ ಹಣ ಒಮ್ಮೆಲೇ ಕೊಡಲಾಗದವರಿಗೆ ಕಂತಿನ ಮೇಲೆ ಯಂತ್ರ ಕೊಡುವ ಪದ್ಧತಿಯನ್ನು ಕಂಪನಿ ಇಲ್ಲಿಯೂ ನಡೆಸಿತು. ದರ್ಜಿಗಳ ಕೈಗೆ ಯಂತ್ರ ಸಿಕ್ಕಿದ್ದಕ್ಕೆ ಇದೂ ಒಂದು ಕಾರಣ.

ಗೋರ್ಟಾ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮುಂಬಯಿ ಬಂದರಿನಲ್ಲಿ ಇಳಿದ ಸರಕು ರೈಲಿನಲ್ಲಿ ಸೊಲ್ಲಾಪುರ, ಕಲಬುರಗಿ ಕಡೆಗೆ ಬರುತ್ತಿತ್ತು. ವಿಕಾರಾಬಾದಿನಿಂದ ಬೀದರಿಗೆ ರೈಲು ಬಂದದ್ದು 1930ರ ಆಸುಪಾಸಿನಲ್ಲಿ. ಸಂಸ್ಥಾನದ ಗಡಿಯಲ್ಲಿ ಕರೋಡಗಿರಿ ಇಲಾಖೆ ಸುಂಕ ವಸೂಲು ಮಾಡುತ್ತಿತ್ತು. ಈ ಭಾಗದ ಹಳೆಯ ರಸೀದಿ ನೋಡುವವರು ಎರಡು ಲೆಕ್ಕಗಳನ್ನು ನೆನಪಿಡಬೇಕು. ಒಂದು, ನಾಣ್ಯ: ಬ್ರಿಟಿಷ್ ಭಾರತದ 100 ಕಲ್ದಾರ್ ರೂಪಾಯಿಗೆ ನಿಜಾಮರ ಹಾಲಿ ಸಿಕ್ಕಾ ಸುಮಾರು 116 ರೂಪಾಯಿಯಾಗುತ್ತಿತ್ತು. ಹಿರಿಯರು ಹೇಳುವ ಬೆಲೆ ಯಾವ ರೂಪಾಯಿಯದು ಎಂದು ಕೇಳದೆ ಅದನ್ನು ದಾಖಲಿಸಿದರೆ ಪ್ರಯೋಜನವಿಲ್ಲ. ಇನ್ನೊಂದು, ವರ್ಷ: ಸಂಸ್ಥಾನದ ಕಾಗದಗಳಲ್ಲಿ ಫಸಲಿ ವರ್ಷವಿರುತ್ತದೆ. ಅದಕ್ಕೆ 590 ಕೂಡಿಸಿದರೆ ಅದು ಆರಂಭವಾದ ಇಸವಿ ಸಿಗುತ್ತದೆ. ಅಕ್ಟೋಬರಿನಲ್ಲಿ ಆರಂಭವಾಗುತ್ತಿದ್ದ ಫಸಲಿ 1340 ಎಂದರೆ 1930–31, ಫಸಲಿ 1357 ಎಂದರೆ 1947–48.

‘ಹಾವಳಿಗಿಂತ ಮೊದಲು’

ಫಸಲಿ 1357 ಗೋರ್ಟಾ ಮರೆಯಲಾಗದ ವರ್ಷ. 1948ರ ಮೇ 9 ಮತ್ತು 10ರಂದು ರಜಾಕಾರರು ಊರಿನ ಮೇಲೆ ಬಿದ್ದರು. ಸುಮಾರು 200 ಜನ ಸತ್ತರೆಂದು ಹೇಳಲಾಗುತ್ತದೆ. ಮನೆಗಳು ಲೂಟಿಯಾದವು, ಸುಟ್ಟುಹೋದವು, ಬದುಕಿದವರು ಊರು ಬಿಟ್ಟು ಓಡಿದರು. ಸೆಪ್ಟೆಂಬರಿನಲ್ಲಿ ಭಾರತ ನಡೆಸಿದ ಸೇನಾ ಕಾರ್ಯಾಚರಣೆಯೊಂದಿಗೆ ನಿಜಾಮರ ಆಳ್ವಿಕೆ ಕೊನೆಗೊಂಡಿತು. ಈ ಸೀಮೆಯ ಮಾತಿನಲ್ಲಿ ಕಾಲ ಇಬ್ಭಾಗವಾದದ್ದು ಅಲ್ಲಿಯೇ. ಮದುವೆ, ಮಗುವಿನ ಹುಟ್ಟು, ಬಾವಿ ತೋಡಿದ್ದು ಎಲ್ಲವನ್ನೂ ಹಾವಳಿಯ ಮೊದಲು ಅಥವಾ ನಂತರ ಎಂದು ಗುರುತಿಸುವ ಹಿರಿಯರಿದ್ದಾರೆ. ಇಂಥ ಗುರುತನ್ನು ಹಗುರವಾಗಿ ಕಾಣಬಾರದು. ಇಸವಿ ನೆನಪಿಡದವರೂ ಈ ಗೆರೆಯ ಯಾವ ಬದಿಯಲ್ಲಿ ಏನು ನಡೆಯಿತು ಎಂಬುದನ್ನು ತಪ್ಪುವುದು ಕಡಿಮೆ.

ಕಂಪನಿಯ ರಿಜಿಸ್ಟರು ಮನೆಯ ಮಾತನ್ನು ಸುಳ್ಳು ಮಾಡಬಲ್ಲದಾಗಿತ್ತು. ನಂಬರು 1950ರದ್ದಾಗಿದ್ದರೆ ‘ಹಾವಳಿಗಿಂತ ಮೊದಲು’ ಎಂಬುದು ನಿಲ್ಲುತ್ತಿರಲಿಲ್ಲ. ನಂಬರು 1920ರ ದಶಕದ್ದಾದ್ದರಿಂದ ಮಾತು ಆ ಪರೀಕ್ಷೆಯಲ್ಲಿ ಉಳಿದುಕೊಂಡಿತು. ಆದರೆ ಪರೀಕ್ಷೆಯಲ್ಲಿ ಉಳಿಯುವುದು ಬೇರೆ, ಸಾಬೀತಾಗುವುದು ಬೇರೆ. 1927ರಲ್ಲಿ ತಯಾರಾದ ಯಂತ್ರ ಒಬ್ಬ ಸಿಂಪಿಗನ ಕೈಯಲ್ಲಿ ದುಡಿದು, 1955ರಲ್ಲಿ ಇನ್ನೊಬ್ಬರಿಗೆ ಮಾರಾಟವಾಗುವುದಕ್ಕೆ ಅಡ್ಡಿಯೇನಿಲ್ಲ. ‘ಮುತ್ಯಾ ತಂದಾನ’ ಎಂಬ ಮಾತಿಗೆ ಆಧಾರ ಇಂದಿಗೂ ಮನೆಯ ನೆನಪೇ. ಅದನ್ನು ನೆನಪೆಂದೇ ಬರೆಯುವುದು ಹಿರಿಯರ ಮಾತಿಗೆ ಅಗೌರವವಲ್ಲ. ಸ್ಕಾಟ್ಲೆಂಡಿನ ರಿಜಿಸ್ಟರು ಹೇಳದ ಸಂಗತಿಯನ್ನು ಅದರ ಬಾಯಲ್ಲಿ ಹೇಳಿಸಿದರೆ ರಿಜಿಸ್ಟರಿಗೂ ನೆನಪಿಗೂ ಅನ್ಯಾಯವಾಗುತ್ತದೆ.

ನಿರ್ಣಯ

ಯಂತ್ರದ ದಾಖಲೆಯನ್ನು ಹೀಗೆ ಬರೆಯಬಹುದು: ‘ಸಿಂಗರ್ 28ಕೆ, ಕ್ಲೈಡ್‌ಬ್ಯಾಂಕ್, 1920ರ ದಶಕದ ಉತ್ತರಾರ್ಧ, ಕಂಪನಿಯ ನಂಬರು ಸರಣಿಯ ಆಧಾರದಿಂದ. ಹಿಡಿಕೆಯ ಗುಬ್ಬಿ, ಪೆಟ್ಟಿಗೆ ನಂತರದವು, ಸ್ಥಳೀಯ. 1948ಕ್ಕೂ ಮೊದಲೇ ಮನೆಯಲ್ಲಿತ್ತು, ಮನೆಯವರ ಹೇಳಿಕೆ.’ ಪ್ರತಿ ಸಂಗತಿಯ ಪಕ್ಕದಲ್ಲೂ ಅದರ ಆಧಾರ ಇರಬೇಕು.

ಗೋರ್ಟಾದಲ್ಲಿ 2023ರಲ್ಲಿ ಹುತಾತ್ಮರ ಸ್ಮಾರಕ ಲೋಕಾರ್ಪಣೆಯಾಯಿತು. ಮಡಿದವರನ್ನು ನೆನೆಯಲು ಅದು ಬೇಕು. ಅವರು ಬದುಕಿದ್ದಾಗ ಏನು ಕೊಂಡರು, ಏನು ಹೊಲಿದರು, ಯಾವ ಪೇಟೆಗೆ ಹೋಗಿ ಬಂದರು ಎಂಬುದನ್ನು ಹೇಳಬಲ್ಲವು ಮನೆಮನೆಯಲ್ಲಿ ಉಳಿದಿರುವ ಯಂತ್ರ, ಗಡಿಯಾರ, ತಕ್ಕಡಿ, ಕಂದೀಲುಗಳು. ಇವುಗಳಲ್ಲಿ ಹಲವುಗಳ ಮೇಲೆ ಕಂಪನಿಯ ಹೆಸರೋ ನಂಬರೋ ಇರುತ್ತದೆ. ಬಸವಕಲ್ಯಾಣ, ಹುಮನಾಬಾದ್ ಭಾಗದ ಕಾಲೇಜುಗಳ ಇತಿಹಾಸ ವಿಭಾಗಗಳು ವಿದ್ಯಾರ್ಥಿಗಳಿಂದ ಊರೂರಿನಲ್ಲಿ ಇಂಥ ವಸ್ತುಗಳ ಪಟ್ಟಿ ಮಾಡಿಸಬೇಕು. ನಂಬರಿನ ಫೋಟೊ, ಮನೆಯವರ ಹೇಳಿಕೆ, ಹೇಳಿದವರ ವಯಸ್ಸು, ಕೇಳಿದ ತಾರೀಖು ಇಷ್ಟಿದ್ದರೆ ಸಾಕು. ನಂಬರನ್ನು ಹತ್ತು ವರ್ಷ ಬಿಟ್ಟೂ ಓದಬಹುದು. ಹಾವಳಿಯನ್ನು ಕಣ್ಣಾರೆ ಕಂಡವರು ಈಗ ಎಂಬತ್ತು ದಾಟಿದ್ದಾರೆ. ಕೆಲಸವನ್ನು ಅವರಿಂದಲೇ ಆರಂಭಿಸಬೇಕು.