ಮಣ್ಣಿಗೆಂದು ಬೆಳೆದ ಬೆಳೆ

(ಬಾನುಲಿ ಭಾಷಣ)

ನಮ್ಮ ಮನೆಯ ಹಿಂದೆ 30 ಅಡಿ ಉದ್ದ, 20 ಅಡಿ ಅಗಲದ ಒಂದು ಹಿತ್ತಲಿದೆ. ಬದನೆ, ಬೆಂಡೆ, ಹರಿವೆ ಸೊಪ್ಪುಗಳನ್ನು ವರ್ಷಗಟ್ಟಲೆ ಕೊಟ್ಟೂ ಕೊಟ್ಟೂ ಅದರ ಮಣ್ಣು ಸೊರಗಿಹೋಗಿತ್ತು. ಪೇಟೆಯಲ್ಲಿ ಕೊಟ್ಟಿಗೆ ಗೊಬ್ಬರ ಸುಲಭವಾಗಿ ದೊರೆಯುವ ವಸ್ತುವಲ್ಲ. ಆದುದರಿಂದ ಒಂದು ವರ್ಷ, ಮುಂಗಾರಿನ ಮೊದಲ ಮಳೆ ಬಿದ್ದೊಡನೆ, ಅರ್ಧ ಹಿತ್ತಲಿಗೆ ಸೆಣಬನ್ನೂ ಉಳಿದರ್ಧಕ್ಕೆ ಅಲಸಂದೆಯನ್ನೂ ಬಿತ್ತಿದೆ. ಬೆಳೆದುದನ್ನು ಹಸಿಯಾಗಿಯೇ ಮಣ್ಣಿಗೆ ಸೇರಿಸಬೇಕೆಂಬುದು ನನ್ನ ಸಂಕಲ್ಪ. ಒಂದೂವರೆ ತಿಂಗಳಿಗೆ ಸೆಣಬು ಎದೆಯುದ್ದ ಬೆಳೆದು, ಅಲ್ಲೊಂದು ಇಲ್ಲೊಂದು ಹಳದಿ ಹೂ ತೋರಿತು. ಕತ್ತಿ ಹಿಡಿದು ಹೊರಟ ನನ್ನನ್ನು ತಾಯಿಯವರು ತಡೆದರು.

“ಹೂ ಬಿಟ್ಟ ಗಿಡಕ್ಕೆ ಯಾರಾದರೂ ಕತ್ತಿ ಹಾಕುತ್ತಾರೇನೋ, ತಮಾ? ಇನ್ನು ಹದಿನೈದು ದಿನ ತಡೆದರೆ ಅಲಸಂದೆಯಾದರೂ ಕಾಯಿ ಬಿಟ್ಟೀತು.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕತ್ತಿಯನ್ನು ಮರಳಿ ಸೂರಿಗೆ ಸಿಕ್ಕಿಸಿದೆ.

ತಾಯಿಯವರ ತವರು ಶಿರಸಿಯ ಕಡೆಯ ಅಡಕೆ ತೋಟದ ಮನೆ. ಅಲ್ಲಿ ತೋಟಕ್ಕೆ ಸೊಪ್ಪು ಬರುತ್ತಿದ್ದುದು ಬೆಟ್ಟದಿಂದ. ಬ್ರಿಟಿಷರ ಆಡಳಿತದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿಯಿತ್ತು. 1800-01ರಲ್ಲಿ ಈ ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಅಡಕೆ ತೋಟಗಳಿಗೆ ಸೊಪ್ಪು ಹಾಕುವ ಕ್ರಮವನ್ನು ಬರೆದಿಟ್ಟಿದ್ದಾನೆ. ಮರದ ಕೊಂಬೆಯನ್ನು ಸವರಿದರೆ ಅದು ಮತ್ತೆ ಚಿಗುರುತ್ತದೆ. ಬಿತ್ತಿ ಬೆಳೆಸಿದ ಗಿಡವನ್ನು ಹೂವಿನಲ್ಲಿ ಕಡಿದರೆ ಅದರ ಬಾಳು ಅಲ್ಲಿಗೆ ಮುಗಿಯಿತು. ಬೆಟ್ಟದ ಸೊಪ್ಪನ್ನು ಕಂಡ ಕಣ್ಣಿಗೆ ನನ್ನ ಕೆಲಸ ಕ್ರೂರವಾಗಿ ತೋರಿದುದು ಸಹಜವೇ. ಆದರೆ ಪೇಟೆಯ ಹಿತ್ತಲಿಗೆ ಬೆಟ್ಟ ಎಲ್ಲಿಂದ ಬರಬೇಕು? ಇಲ್ಲಿ ಸೊಪ್ಪು ಬೇಕಾದರೆ ಆ ನೆಲದಲ್ಲೇ ಬೆಳೆಯಬೇಕು.

ಕಾಯ್ದುದರ ಫಲವನ್ನು ಆ ವರ್ಷವೇ ಕಂಡೆ. ಸೆಣಬಿನ ಕಾಂಡ ಬಲಿತು ನಾರಾಯಿತು. ಮಣ್ಣಿನಡಿ ಸೇರಿಸಿದರೂ ಕೊಳೆಯಲೊಲ್ಲದು. ಆತುರದಲ್ಲಿ ಅದೇ ವಾರ ನೆಟ್ಟ ಬದನೆಯ ಸಸಿಗಳು ಹಳದಿಗಟ್ಟಿ ಮುರುಟಿದವು. ಅಲಸಂದೆ ನಮಗೆ ನಾಲ್ಕಾರು ದಿನದ ಹುಳಿಯನ್ನು ಕೊಟ್ಟಿತು. ಮಣ್ಣಿಗೆ ಕೊಟ್ಟದ್ದು ಅಷ್ಟಕ್ಕಷ್ಟೆ. ಹಳೆಯ ಗ್ರಂಥಗಳನ್ನು ತಿರುವುವ ಚಟ ನನಗುಂಟು. ಸೋತವನು ಅವುಗಳಿಗೆ ಮೊರೆಹೊಕ್ಕೆ. ಅಲ್ಲಿ ಕಂಡುದು ಆಶ್ಚರ್ಯ: ನನ್ನ ತಾಯಿಯವರು ಎತ್ತಿದ ಪ್ರಶ್ನೆಗೆ ಎರಡು ಸಾವಿರ ವರ್ಷಗಳಿಗೂ ಮೀರಿದ ಇತಿಹಾಸವಿದೆ.

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಹುಟ್ಟಿದ ಗ್ರೀಕ್ ವಿದ್ವಾಂಸ ಥಿಯೋಫ್ರಾಸ್ಟಸ್, ಮ್ಯಾಸಿಡೋನಿಯ ಮತ್ತು ಥೆಸಲಿಗಳ ರೈತರು ಅವರೆಯ ಜಾತಿಯ ಬೆಳೆಯನ್ನು ಹೂವಿನಲ್ಲಿರುವಾಗಲೇ ಉತ್ತು ಮಣ್ಣಿಗೆ ಸೇರಿಸುತ್ತಾರೆಂದು ಹೇಳುತ್ತಾನೆ. ರೋಮಿನ ವಾರೋ, ಕ್ರಿಸ್ತಪೂರ್ವ 37ರ ಸುಮಾರಿಗೆ ತನ್ನ ಎಂಬತ್ತನೆಯ ವಯಸ್ಸಿನಲ್ಲಿ, ಹೊಲವೊಂದನ್ನು ಕೊಂಡಿದ್ದ ತನ್ನ ಹೆಂಡತಿ ಫಂಡೇನಿಯಾಳನ್ನು ಉದ್ದೇಶಿಸಿ ಬೇಸಾಯದ ಗ್ರಂಥವನ್ನು ಬರೆದ. ಕೆಲವು ಬೆಳೆಗಳನ್ನು ಈ ವರ್ಷದ ಆದಾಯಕ್ಕಲ್ಲ, ಬರುವ ವರ್ಷದ ನೆಲಕ್ಕಾಗಿ ಬಿತ್ತಬೇಕೆನ್ನುವ ಅವನು, ಲೂಪಿನ್ ಎಂಬ ದ್ವಿದಳ ಸಸ್ಯವನ್ನು ಕಾಯಿ ಕಟ್ಟುವ ಮುನ್ನವೇ ಉಳುವ ರೂಢಿಯನ್ನು ಹೇಳುತ್ತಾನೆ. ಅವರೆಯಾದರೆ, ಕಾಯಿ ಕೊಯ್ಯುವಷ್ಟು ಬಲಿತಿರದಿದ್ದರೆ ಮಾತ್ರ! ಆ ‘ಮಾತ್ರ’ದಲ್ಲಿ ನಮ್ಮ ಮನೆಯ ಜಗಳವೇ ನನಗೆ ಕೇಳಿಸಿತು. ಚೀನಾದಲ್ಲಿ ಆರನೆಯ ಶತಮಾನದ ಜ್ಯಾ ಸಿಶ್ಯೆ ಎಂಬ ಅಧಿಕಾರಿ, ನೆಲಕ್ಕೆ ಸತ್ವ ತುಂಬಲು ಹೆಸರು ಬೆಳೆ ಎಲ್ಲಕ್ಕಿಂತ ಮೇಲೆಂದೂ, ಎಳ್ಳು ಮೊದಲಾದವು ಅನಂತರದವೆಂದೂ ಬರೆದ. ಐದನೆಯ ಆರನೆಯ ತಿಂಗಳಲ್ಲಿ ಬಿತ್ತಿ, ಏಳು ಎಂಟನೆಯ ತಿಂಗಳಲ್ಲಿ ಉತ್ತುಬಿಡಬೇಕು. ಅಲ್ಲಿಯೂ ಕಾಳಿಗಾಗಿ ಕಾಯುವ ಮಾತಿಲ್ಲ.

ಯಾವಾಗ ಎಂಬುದು ಇವರಿಗೆಲ್ಲ ತಿಳಿದಿತ್ತು. ಏಕೆ ಎಂಬುದು ತಿಳಿದಿರಲಿಲ್ಲ. ಅದು ತಿಳಿದುದು 1886ರಲ್ಲಿ. ಜರ್ಮನಿಯ ಹೆಲ್‌ರೀಗಲ್, ತನ್ನ ಸಹೋದ್ಯೋಗಿ ವಿಲ್ಫಾರ್ತ್‌ನೊಡನೆ, ಸಾರಜನಕವಿಲ್ಲದ ಮರಳಿನಲ್ಲಿ ಗಿಡಗಳನ್ನು ಬೆಳೆಸಿ ನೋಡಿದ್ದ. ಓಟ್ಸ್ ಸೊರಗಿತು. ಸೂಕ್ಷ್ಮಜೀವಿಗಳನ್ನು ಕೊಂದ ಮರಳಿನಲ್ಲಿ ಬಟಾಣಿಯೂ ಸೊರಗಿತು. ಅದೇ ಮರಳಿಗೆ ಹೊಲದ ಮಣ್ಣನ್ನು ಕದಡಿದ ನೀರನ್ನು ಒಂದಿಷ್ಟು ಹಾಕಿದಾಗ ಬಟಾಣಿಯ ಬೇರಿನಲ್ಲಿ ಗಂಟುಗಳು ಮೂಡಿ ಗಿಡ ನಳನಳಿಸಿತು. ಆ ಗಂಟುಗಳಲ್ಲಿ ನೆಲೆಸಿದ ಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಹೂವಿನವರೆಗೆ ಆ ಸಂಪತ್ತು ಎಲೆಯಲ್ಲಿ, ಎಳೆಯ ಕಾಂಡದಲ್ಲಿ ಇರುತ್ತದೆ. ಅನಂತರ ಅದರ ಬಹುಪಾಲು ಕಾಳಿಗೆ ಸಾಗುತ್ತದೆ. ಕಾಳನ್ನು ನಾವು ಉಂಡರೆ ಮಣ್ಣಿಗೆ ಉಳಿಯುವುದು ಹೊಟ್ಟು, ನಾರು.

ನನ್ನ ಬದನೆ ಏಕೆ ಹಳದಿಗಟ್ಟಿತೆಂಬುದಕ್ಕೂ ಉತ್ತರ ದೊರೆಯಿತು. ಬಲಿತ ನಾರನ್ನು ಕೊಳೆಯಿಸುವ ಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಹೀರುತ್ತವೆ, ಸಸಿಗೆ ಉಪವಾಸ. 1905ರಿಂದ 1924ರವರೆಗೆ ಬಿಹಾರದ ಪೂಸಾದಲ್ಲಿ ದುಡಿದ ಆಲ್ಬರ್ಟ್ ಹೋವರ್ಡ್ ಸೆಣಬಿನ ಹಸಿರು ಗೊಬ್ಬರವನ್ನು ಪರೀಕ್ಷಿಸಿ, ತೇವ, ಗಾಳಿ, ಕಾಲಾವಕಾಶ ಇವು ಕೂಡಿಬರದಿದ್ದರೆ ಅದು ಫಲಿಸದೆಂದು ಕಂಡುಕೊಂಡರು. ಇಂದೋರಿಗೆ ಹೋದಮೇಲೆ ಅವರು ಕಾಂಪೋಸ್ಟಿನ ಕಡೆ ಒಲಿದುದಕ್ಕೆ ಇದೂ ಒಂದು ಕಾರಣ.

ಮರುವರ್ಷ ನಾನು ಎಚ್ಚರಗೊಂಡೆ. ಬೇಗ ಬೆಳೆದು ಕಳೆಯನ್ನು ಅದುಮುವ ಸೆಣಬು ನೀರು ಬಸಿಯುವ ನೆಲಕ್ಕೆ ಒಪ್ಪುತ್ತದೆ. 10 ಚದರ ಮೀಟರಿಗೆ ಸುಮಾರು 50 ಗ್ರಾಂ ಬೀಜ ಸಾಕು. ನೀರು ನಿಲ್ಲುವ, ಚೌಳು ಹತ್ತಿದ ಮೂಲೆಗೆ ಡಯಾಂಚ. ಮಳೆ ಕಡಮೆಯಾದ ಕಾಲಕ್ಕೆ ಹುರುಳಿ. 40-50 ದಿನಗಳಲ್ಲಿ, ಮೊದಲ ಮೊಗ್ಗು ಕಂಡಾಗ ಕೊಯ್ದು, ತುಂಡರಿಸಿ, ಅರ್ಧ ಅಡಿಯೊಳಗಿನ ಮೇಲ್ಮಣ್ಣಿಗೆ ಸೇರಿಸಬೇಕು. ಮಳೆ ತಪ್ಪಿದರೆ ನೀರು ಹಾಯಿಸಬೇಕು. ಎರಡು ಮೂರು ವಾರ ಕಾಯ್ದು, ಸೊಪ್ಪಿನ ಗುರುತು ಅಳಿದಮೇಲೆ ಸಸಿ ನೆಡಬೇಕು. ಒಂದು ಗಿಡವನ್ನು ಕಿತ್ತು ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿ: ಒಳಗೆ ಕೆಂಪಿದ್ದರೆ ಅದು ದುಡಿಯುತ್ತಿದೆಯೆಂದು ತಿಳಿಯಿರಿ.

ಅಂಥ ಗಂಟೊಂದನ್ನು ಸೀಳಿ ತಾಯಿಯವರಿಗೂ ತೋರಿಸಿದೆ. ಅವರು ಕನ್ನಡಕ ತರಿಸಿಕೊಂಡು ಬಹಳ ಹೊತ್ತು ನೋಡಿದರು. “ರಕ್ತ ಇದ್ದ ಹಾಗಿದೆಯಲ್ಲೋ” ಎಂದರು. ಅನಂತರ ಅವರೇ ಒಂದು ತೀರ್ಮಾನ ಕೊಟ್ಟರು: ಬೇಲಿಯ ಪಕ್ಕದ ಎರಡು ಸಾಲು ಅಲಸಂದೆ ಅಡುಗೆಮನೆಗೆ, ಉಳಿದುದೆಲ್ಲ ಮಣ್ಣಿಗೆ. ವಾರೋ ಇದ್ದಿದ್ದರೆ ಒಪ್ಪುತ್ತಿದ್ದನೆಂದು ನನ್ನ ನಂಬಿಕೆ.

ಆ ಚಳಿಗಾಲ ಬದನೆ ಚೆನ್ನಾಗಿ ಬಂದಿತು. ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಬದನೆಯಲ್ಲ. ಭೂಮಿಯಿಂದ ಪಡೆದುದನ್ನು ಮರಳಿಸಬೇಕೆಂದು ನಾವೆಲ್ಲರೂ ಹೇಳುತ್ತೇವೆ. ಮರಳಿಸುವುದು ನಮಗೆ ಬೇಡವಾದ ಕಸವನ್ನು, ಉಂಡು ಉಳಿದುದನ್ನು. ಕಾಯಿಯ ಆಸೆ ಇನ್ನೂ ಗಿಡದಲ್ಲಿರುವಾಗಲೇ ಕೊಡಬೇಕೆನ್ನುತ್ತದೆ ಈ ಹಳೆಯ ಬೇಸಾಯ. ಈಗಲೂ ಪ್ರತಿ ವರ್ಷ ಸೆಣಬು ಮೊಗ್ಗೊಡೆದಾಗ ಕತ್ತಿ ಹಿಡಿದ ನನ್ನ ಕೈ ಒಂದು ಗಳಿಗೆ ತಡೆಯುತ್ತದೆ. ತಾಯಿಯವರ ಮಾತು ನೆನಪಾಗುತ್ತದೆ. ತಡೆದು, ಆಮೇಲೆ ಕೊಯ್ಯುತ್ತೇನೆ.