ಅರಳುಮರಳಿಗೊಂದು ಚರಿತ್ರೆ

ಕನ್ನಡದಲ್ಲಿ ‘ಅರವತ್ತಕ್ಕೆ ಅರಳುಮರಳು’ ಎನ್ನುತ್ತೇವೆ. ನಾವು ಬಂದು ನೆಲೆಸಿರುವ ಪುಣೆಯಲ್ಲಿ ಇದಕ್ಕೆ ಸಾಟಿಯಾದ ಮರಾಠಿ ಗಾದೆಯೊಂದಿದೆ: ‘ಸಾಠೀ ಬುದ್ಧೀ ನಾಠೀ’. ಅರವತ್ತಾಯಿತು, ಬುದ್ಧಿ ಹೋಯಿತು ಎಂದು ಅದರ ತಾತ್ಪರ್ಯ. ಎರಡೂ ಗಾದೆಗಳು ಪ್ರಾಸದ ಹಗುರದಲ್ಲಿ ಭಾರವಾದ ಸಂಗತಿಯೊಂದನ್ನು ಹೇಳಿ ಮುಗಿಸಿಬಿಡುತ್ತವೆ. ಹಿರಿಯರು ಹೇಳಿದ್ದನ್ನೇ ಹೇಳುತ್ತಾರೆ, ಉಂಡದ್ದನ್ನು ಮರೆತು ಊಟ ಹಾಕಲಿಲ್ಲವೆಂದು ದೂರುತ್ತಾರೆ, ಇಟ್ಟ ವಸ್ತು ಸಿಗದಿದ್ದರೆ ಸೊಸೆ ಕದ್ದಳೆನ್ನುತ್ತಾರೆ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂಬ ಸಮಾಧಾನ ಆ ಮಾತುಗಳಲ್ಲಿದೆ. ಮುದಿಯರನ್ನು ಹುಚ್ಚರೆನ್ನದೆ ಮನೆಯೊಳಗೇ ಉಳಿಸಿಕೊಂಡ ಕರುಣೆಯೂ ಇದೆ. ಆದರೆ ಇದ್ದದ್ದೇ ಎಂದು ಒಪ್ಪಿಕೊಂಡ ಸಂಗತಿಗೆ ಯಾರೂ ನೆರವು ಕೇಳುವುದಿಲ್ಲ. ವೈದ್ಯರ ಬಳಿಗೆ ಹೋಗುವುದಿಲ್ಲ, ಕಚೇರಿಯಲ್ಲಿ ರಜೆ ಬೇಡುವುದಿಲ್ಲ, ಸರ್ಕಾರದ ಮುಂದೆ ಅರ್ಜಿ ಹಿಡಿಯುವುದಿಲ್ಲ. ಅರಳುಮರಳು ಒಂದು ಕಾಯಿಲೆಯೆನಿಸಿದ ಕಥೆ ಏನು, ಹಾಗೆನಿಸಿದ ಮೇಲೆ ನೆರವು ಎಷ್ಟರ ಮಟ್ಟಿಗೆ ಬಂತು ಎಂಬುದನ್ನು ಇಲ್ಲಿ ನೋಡುವುದು ನಮ್ಮ ಉದ್ದೇಶ.

ವೈದ್ಯಶಾಸ್ತ್ರಕ್ಕಿಂತ ಮೊದಲೇ ಸಾಹಿತ್ಯ ಇದನ್ನು ಕಂಡಿತ್ತು. ಜೊನಾಥನ್ ಸ್ವಿಫ್ಟ್ 1726ರಲ್ಲಿ ಪ್ರಕಟಿಸಿದ ಗಲಿವರನ ಯಾತ್ರೆಗಳಲ್ಲಿ ಸಾವಿಲ್ಲದ ಮುದುಕರ ಒಂದು ವರ್ಗ ಬರುತ್ತದೆ. ಅವರಿಗೆ ಸಾವಿಲ್ಲ, ಮುಪ್ಪು ಮಾತ್ರ ಇದೆ. ಆಪ್ತರ ಹೆಸರುಗಳನ್ನೂ ಮರೆತಿರುವ ಅವರಿಗೆ, ಕಾಲ ಸರಿದಂತೆ ನಾಡಿನ ನುಡಿಯೇ ಬದಲಾಗಿ, ಸುತ್ತಲಿನವರ ಮಾತು ತಿಳಿಯದಾಗುತ್ತದೆ; ಹುಟ್ಟಿದ ನೆಲದಲ್ಲೇ ಪರದೇಶಿಗಳಾಗಿ ಬಾಳುತ್ತಾರೆ. ಮುಂದೆ ಸ್ವಿಫ್ಟನ ಬುದ್ಧಿಯೂ ಮಂಕಾಯಿತು. 1742ರಲ್ಲಿ ಅವನು ಸ್ವಸ್ಥಚಿತ್ತನಲ್ಲವೆಂದು ವಿಚಾರಣೆಯಲ್ಲಿ ತೀರ್ಮಾನವಾಗಿ, ಅವನ ದೇಹ ಮತ್ತು ಆಸ್ತಿಯನ್ನು ನೋಡಿಕೊಳ್ಳಲು ಪಾಲಕರು ನೇಮಕವಾದರು. ಅವನು 1745ರಲ್ಲಿ ತೀರಿಕೊಂಡ. ಅವನನ್ನು ಬಾಧಿಸಿದ ರೋಗ ಯಾವುದೆಂಬುದು ಇಂದಿಗೂ ಚರ್ಚೆಯ ವಿಷಯ. ಆದರೆ ರೋಗಕ್ಕೆ ಹೆಸರಿಲ್ಲದ ಕಾಲದಲ್ಲಿಯೂ ಅಸಹಾಯ ಹಿರಿಯನ ಪರವಾಗಿ ಸಹಿ ಹಾಕುವವರು ಯಾರೆಂಬ ಪ್ರಶ್ನೆಗೆ ಕಾನೂನಿನ ಬಳಿ ಉತ್ತರವಿತ್ತು. ಈ ಸಂಗತಿ ಮುಂದೆ ನಮಗೆ ಬೇಕಾಗುತ್ತದೆ.

ಕಾಯಿಲೆಗೆ ಹೆಸರು ಬಂದದ್ದು ಒಬ್ಬ ಗುಮಾಸ್ತನ ಮನೆಯಿಂದ. 1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ಔಗುಸ್ಟೆ ಡೇಟರ್ ಎಂಬ 51 ವರ್ಷದ ಹೆಂಗಸನ್ನು ಸೇರಿಸಲಾಯಿತು. ಗಂಡ ರೈಲ್ವೆ ಕಚೇರಿಯ ನೌಕರ. ಹೆಂಡತಿಯ ಮರೆವು, ಸಂಶಯ, ರಾತ್ರಿಯ ಅಲೆದಾಟ ಇವನ್ನು ಮನೆಯಲ್ಲಿ ಸಂಭಾಳಿಸಲಾಗದೆ ಅವನು ಸೋತಿದ್ದ. ಆಕೆಯನ್ನು ಪರೀಕ್ಷಿಸಿದ ಆಲೋಯ್ಸ್ ಆಲ್ಝೈಮರ್, 1906ರ ಏಪ್ರಿಲಿನಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದೇ ವರ್ಷದ ನವೆಂಬರ್ 3ರಂದು ಟ್ಯೂಬಿಂಗನ್ ನಗರದ ವೈದ್ಯರ ಸಭೆಯಲ್ಲಿ ತಾನು ಕಂಡದ್ದನ್ನು ನಿವೇದಿಸಿದ. 1910ರಲ್ಲಿ ಎಮಿಲ್ ಕ್ರೇಪೆಲಿನ್ ತನ್ನ ಪಠ್ಯಗ್ರಂಥದಲ್ಲಿ ಈ ರೋಗಕ್ಕೆ ಆಲ್ಝೈಮರನ ಹೆಸರಿಟ್ಟ.

ಆದರೆ ಆ ಹೆಸರು ಸಲ್ಲುತ್ತಿದ್ದುದು ಐವತ್ತರ ಆಸುಪಾಸಿನವರಿಗೆ ಬರುವ ಅಪರೂಪದ ರೋಗಕ್ಕೆ ಮಾತ್ರ. ಎಪ್ಪತ್ತೈದರ ಮುದುಕನಿಗೆ ಅದೇ ಲಕ್ಷಣಗಳಿದ್ದರೂ ಅದು ಮುಪ್ಪೆಂದೇ ಗಣನೆಯಾಗುತ್ತಿತ್ತು. ಗಾದೆಯ ನಂಬಿಕೆ ಯೂರೋಪಿನ ವೈದ್ಯಕೀಯದಲ್ಲಿಯೂ ಆರೇಳು ದಶಕ ಹಾಗೆಯೇ ಉಳಿಯಿತು ಎನ್ನಬಹುದು. 1976ರಲ್ಲಿ ಅಮೆರಿಕದ ನರರೋಗತಜ್ಞ ರಾಬರ್ಟ್ ಕಾಟ್ಜ್‌ಮನ್ ಒಂದು ಸಂಪಾದಕೀಯ ಬರೆದು, ಇವೆರಡೂ ಒಂದೇ ರೋಗ, ವಯಸ್ಸಿನ ಗೆರೆ ಎಳೆದು ಬೇರ್ಪಡಿಸುವುದು ಸಲ್ಲದು ಎಂದು ವಾದಿಸಿದ. ಈ ತಿಳಿವಳಿಕೆ ಹರಡಿದಂತೆ ಅಪರೂಪದ ರೋಗವೆನಿಸಿದ್ದು ಲಕ್ಷಾಂತರ ಮನೆಗಳ ರೋಗವೆನಿಸಿತು. 1984ರಲ್ಲಿ ಆಲ್ಝೈಮರ್ಸ್ ಡಿಸೀಸ್ ಇಂಟರ್‌ನ್ಯಾಷನಲ್ ಸ್ಥಾಪನೆಯಾಯಿತು.

ಇತ್ತ ನಮ್ಮ ಸೀಮೆಯಲ್ಲಿ ಏನಿತ್ತು? ಪುಣೆ ಮತ್ತು ಧಾರವಾಡ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿಯ ಒಂದೇ ಆಡಳಿತಕ್ಕೆ ಸೇರಿದ್ದವು. ಎರಡೂ ಕಡೆ ಮಾನಸಿಕ ಆಸ್ಪತ್ರೆಗಳಿದ್ದವು. ಯರವಡಾದ ಆಸ್ಪತ್ರೆ ಎರಡೂವರೆ ಸಾವಿರ ಹಾಸಿಗೆಗಳಷ್ಟು ದೊಡ್ಡದಾಗಿ ಬೆಳೆಯಿತು. ‘ಇವನನ್ನು ಯರವಡೆಗೆ ಕಳಿಸಬೇಕು’ ಎಂಬುದು ಪುಣೆಯ ಹಳೆಯ ಕುಚೋದ್ಯ. ಉತ್ತರ ಕರ್ನಾಟಕದಲ್ಲಿ ಆ ಮಾತಿಗೆ ಧಾರವಾಡದ ಹೆಸರು ಒದಗುತ್ತಿತ್ತು. ಅತ್ತ ಮೈಸೂರು ಸೀಮೆಯಲ್ಲಿ, 1847ರಲ್ಲಿ ಆರಂಭವಾದ ಬೆಂಗಳೂರಿನ ಆಶ್ರಮವೇ ಹಲವು ರೂಪಗಳನ್ನು ತಾಳಿ 1974ರಲ್ಲಿ ನಿಮ್ಹಾನ್ಸ್‌ನಲ್ಲಿ ಲೀನವಾಯಿತು. ಆದರೆ 1858ರ ಮತ್ತು 1912ರ ಹುಚ್ಚರ ಕಾಯಿದೆಗಳ ಮುಖ್ಯ ಗಮನ ಇದ್ದದ್ದು ಸೇರಿಸಿ ಕಾವಲಿಡುವುದರ ಮೇಲೆ. ಹೆಸರು ಮರೆಯುವ ಅಜ್ಜಿಗೆ ಆ ವ್ಯವಸ್ಥೆಯಲ್ಲಿ ಸ್ಥಳವಿರಲಿಲ್ಲ. ಅಲ್ಲಿಗೆ ಒಯ್ಯಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ.

ಅಜ್ಜಿ ಮನೆಯಲ್ಲೇ ಉಳಿದಳು. ಕೂಡುಕುಟುಂಬ ಅವಳನ್ನು ಸಾಕಿತು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಸಾಕಿದವರು ಯಾರೆಂದು ಕೇಳಿದರೆ ಚಿತ್ರ ಸ್ಪಷ್ಟವಾಗುತ್ತದೆ: ಹಿರಿಯ ಸೊಸೆ, ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ಮಗಳು, ಮದುವೆಯಾಗದೆ ಉಳಿದ ತಂಗಿ. ಅವರ ದುಡಿಮೆಗೆ ಲೆಕ್ಕವಿರಲಿಲ್ಲ. ಜೊತೆಗೆ ಒಂದು ಓಣಿಯೂ ಇತ್ತು. ದಾರಿ ತಪ್ಪಿದ ಅಜ್ಜನನ್ನು ಅಂಗಡಿಯವನೊಬ್ಬ ಕೈಹಿಡಿದು ಮನೆ ಮುಟ್ಟಿಸುತ್ತಿದ್ದ. ಇಂಥವರ ತಂದೆ ಎಂದು ಎಲ್ಲರಿಗೂ ಗೊತ್ತಿತ್ತು. ಮಗನ ನೌಕರಿಯ ಬೆನ್ನುಹತ್ತಿ ಹುಬ್ಬಳ್ಳಿಯಿಂದಲೋ ವಿಜಯಪುರದಿಂದಲೋ ಎಪ್ಪತ್ತೈದನೆಯ ವಯಸ್ಸಿನಲ್ಲಿ ಕೋಥರೂಡಿನ ಏಳನೆಯ ಮಹಡಿಗೆ ಬಂದಿಳಿಯುವ ಹಿರಿಯರಿಗೆ ಆ ಸೊಸೆ ಈಗ ಹಗಲಿಡೀ ಮನೆಯಲ್ಲಿರುವುದಿಲ್ಲ, ಆ ಓಣಿಯಂತೂ ಇಲ್ಲವೇ ಇಲ್ಲ. ಕೆಳಗಿನ ಕಾವಲುಗಾರ ಹಿಂದಿಯಲ್ಲಿ ಕೇಳುವ ಪ್ರಶ್ನೆಗೆ ಅವರು ಕನ್ನಡದಲ್ಲಿ ಉತ್ತರಿಸುತ್ತಾರೆ.

ಭಾರತದಲ್ಲಿ ಸಂಘಟಿತ ನೆರವಿನ ಚರಿತ್ರೆ ಕೇರಳದಿಂದ ಶುರುವಾಗುತ್ತದೆ. 1992ರಲ್ಲಿ ಡಾ. ಜೇಕಬ್ ರಾಯ್ ಅವರ ಮುಂದಾಳುತನದಲ್ಲಿ ಆಲ್ಝೈಮರ್ಸ್ ಮತ್ತು ಸಂಬಂಧಿತ ಕಾಯಿಲೆಗಳ ಸೊಸೈಟಿ, ಅಂದರೆ ಎ.ಆರ್.ಡಿ.ಎಸ್.ಐ., ಅಲ್ಲಿ ಹುಟ್ಟಿತು. 1998ರಲ್ಲಿ ಕೊಚ್ಚಿಯಲ್ಲಿ ಸೇರಿದ ಸಂಶೋಧಕರು ‘10/66’ ಎಂಬ ಬಳಗ ಕಟ್ಟಿಕೊಂಡರು. ರೋಗಿಗಳಲ್ಲಿ ಶೇ. 66ರಷ್ಟು ಜನ ಬಡ ಮತ್ತು ಮಧ್ಯಮ ದೇಶಗಳಲ್ಲಿದ್ದಾರೆ, ಸಂಶೋಧನೆಯಲ್ಲಿ ಶೇ. 10ರಷ್ಟೂ ಅವರ ಬಗೆಗಿಲ್ಲ ಎಂಬುದು ಆ ಹೆಸರಿನ ಅರ್ಥ. ಅದೇ ವರ್ಷ ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಆರಂಭವಾಗಿ ಹಿರಿಯರ ಆರೈಕೆಗೆ ಇಳಿಯಿತು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ, ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ, ಎಂದರೆ ಸುಮಾರು 88 ಲಕ್ಷ ಹಿರಿಯರಿಗೆ ಡಿಮೆನ್ಶಿಯಾ ಇದೆ. ಈ ಅಂಕಿಯನ್ನು ತಿರುಗಿಸಿ ಓದಿದರೆ ಗಾದೆ ಸುಳ್ಳಾಗುತ್ತದೆ: ನೂರರಲ್ಲಿ ತೊಂಬತ್ತೆರಡು ಮಂದಿಗೆ ಅರಳುಮರಳು ಇಲ್ಲ. ಇದ್ದವರಿಗೆ ಇರುವುದು ರೋಗ.

ಹೊರನಾಡಿನ ನಮಗೆ ಇದರಲ್ಲಿ ಇನ್ನೊಂದು ಸಿಕ್ಕಿದೆ, ಅದು ಭಾಷೆಯದು. ಜಗತ್ತಿನಾದ್ಯಂತ ಬಳಕೆಯಲ್ಲಿರುವ, 1975ರಲ್ಲಿ ರೂಪುಗೊಂಡ ಸ್ಮರಣೆಯ ಕಿರುಪರೀಕ್ಷೆ ಇಂಗ್ಲಿಷ್ ಬಲ್ಲವರಿಗಾಗಿ ಹುಟ್ಟಿದ್ದು. ಓದುಬರಹ ಕಲಿಯದ ಗ್ರಾಮೀಣರಿಗೆ ಹೊಂದುವಂತೆ ಹರಿಯಾಣದ ಬಲ್ಲಭಗಡದಲ್ಲಿ ಅದರ ಹಿಂದಿ ರೂಪವನ್ನು 1990ರ ದಶಕದಲ್ಲಿ ಸಿದ್ಧಪಡಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮುಂದೆ ಇನ್ನಷ್ಟು ವಿಸ್ತಾರವಾದ ಪರೀಕ್ಷೆಗಳ ಗುಚ್ಛವೊಂದನ್ನು ಮೊದಲಿಗೆ ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಮತ್ತು ಕನ್ನಡ ಎಂಬ ಐದು ನುಡಿಗಳಲ್ಲಿ ಹೊಂದಿಸಿತು. ಆ ಮೊದಲ ಐದರಲ್ಲಿ ಕನ್ನಡವಿದ್ದರೂ ಪುಣೆಯ ಹಿರಿಯನ ಎದುರು ಕುಳಿತ ವೈದ್ಯರಿಗೆ ಕನ್ನಡ ಬರಬೇಕಲ್ಲ! ಉತ್ತರ ತಪ್ಪಿದ್ದು ಮರೆವಿನಿಂದಲೋ, ಪ್ರಶ್ನೆ ತಿಳಿಯದೆಯೋ ಎಂದು ಬೇರ್ಪಡಿಸುವುದು ಕಷ್ಟ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ, ಎರಡು ನುಡಿ ಬಲ್ಲವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತೆಂದು ತೋರಿಸಿತು. ನೆಮ್ಮದಿಯ ಸುದ್ದಿಯೇ. ಆದರೆ ರೋಗ ಬಂದ ಮೇಲೆ ನಡುವಯಸ್ಸಿನಲ್ಲಿ ಕಲಿತ ನುಡಿ ಮೊದಲು ಸಡಿಲವಾಗಿ ತಾಯ್ನುಡಿ ಉಳಿಯುವುದೂ ಉಂಟು. ಆಗ ಸ್ವಿಫ್ಟನ ಮುದುಕರ ಸ್ಥಿತಿ ಕಥೆಯಾಗಿ ಉಳಿಯುವುದಿಲ್ಲ.

ಈ ಸಂಗತಿ ಎರಡು ಚಲನಚಿತ್ರಗಳಲ್ಲಿ ಹತ್ತಿರ ಹತ್ತಿರ ದಾಖಲಾಗಿದೆ. ಹೇಮಂತ್ ರಾವ್ ಅವರ ಕನ್ನಡ ಚಿತ್ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ 2016ರಲ್ಲಿ ತೆರೆಕಂಡಿತು. ಅನಂತ್ ನಾಗ್ ಅಭಿನಯಿಸಿದ ತಂದೆ ನಗರದಲ್ಲಿ ಕಾಣೆಯಾಗುತ್ತಾರೆ. ಕಾಣೆಯಾದವರ ಪ್ರಕಟಣೆಯ ಒಣ ಮಾತೇ ಚಿತ್ರದ ಹೆಸರು. ಪುಣೆಯ ಸುಮಿತ್ರಾ ಭಾವೆ ಮತ್ತು ಸುನೀಲ್ ಸುಖಟಣಕರ್ ಅವರ ಮರಾಠಿ ಚಿತ್ರ ‘ಅಸ್ತು’ವಿನಲ್ಲಿ, ಸ್ವತಃ ಮನೋವೈದ್ಯರೂ ಆದ ಮೋಹನ್ ಆಗಾಶೆ ಸಂಸ್ಕೃತ ವಿದ್ವಾಂಸ ಚಕ್ರಪಾಣಿ ಶಾಸ್ತ್ರಿಯಾಗಿದ್ದಾರೆ. ಕಾರಿನಲ್ಲಿ ಕುಳಿತಿದ್ದ ಶಾಸ್ತ್ರಿಗಳು ಆನೆಯೊಂದನ್ನು ಕಂಡು ಅದರ ಹಿಂದೆಯೇ ನಡೆದುಬಿಡುತ್ತಾರೆ. ಅವರನ್ನು ಮಗುವಿನಂತೆ ನೋಡಿಕೊಳ್ಳುವವಳು ಮಾವುತನ ಹೆಂಡತಿ. ಆ ಪಾತ್ರಕ್ಕೆ ಅಮೃತಾ ಸುಭಾಷ್ ಅವರಿಗೆ 61ನೆಯ ರಾಷ್ಟ್ರೀಯ ಪ್ರಶಸ್ತಿ ಬಂತು. ಪಾತ್ರದ ಹೆಸರು ಚನ್ನಮ್ಮ. ನಮ್ಮ ನಾಡಿನ ಹೆಸರೇ. ಎರಡೂ ಚಿತ್ರಗಳು ಹಿರಿಯರನ್ನು ಅಪರಿಚಿತರ ಕೈಗೆ ಒಪ್ಪಿಸುತ್ತವೆ. ಕಳೆದುಹೋದ ಓಣಿಯನ್ನು ಕಲೆ ಹೀಗೆ ಮರಳಿ ಹುಡುಕಿಕೊಂಡಂತಿದೆ.

ಕಾನೂನಿನ ಓಟ ಇಷ್ಟು ಸರಾಗವಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯಿದೆ ಜೀವನಾಂಶವನ್ನು ಬಲ್ಲದು. ತಂದೆಯ ಪಕ್ಕದಲ್ಲಿ ರಾತ್ರಿ ಎಚ್ಚರವಿರುವ ಮಗಳಿಗೆ ಒಂದು ದಿನದ ಬಿಡುವು ಕೊಡಿಸುವುದನ್ನು ಅರಿಯದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ವಿಧಗಳ ಪಟ್ಟಿಯಲ್ಲಿ ಡಿಮೆನ್ಶಿಯಾ ಪ್ರತ್ಯೇಕವಾಗಿ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ವ್ಯಾಖ್ಯೆಯಲ್ಲಿ ಸ್ಮರಣೆಯ ತೀವ್ರ ವ್ಯತ್ಯಯವೂ ಸೇರಿದೆ, ಮತ್ತು ಚಿಕಿತ್ಸೆಯ ಕುರಿತು ಮುಂಚಿತವಾಗಿ ಬರೆದಿಡುವ, ಪ್ರತಿನಿಧಿಯನ್ನು ಹೆಸರಿಸುವ ಹಕ್ಕನ್ನು ಅದು ಕೊಟ್ಟಿದೆ. ಇದು ದೊಡ್ಡ ಹೆಜ್ಜೆ. ಆದರೆ 1987ರ ಕಾಯಿದೆಯಲ್ಲಿ ಆಸ್ತಿಗೆ ಪಾಲಕರನ್ನು ನೇಮಿಸಲು ಇದ್ದ ಅಧ್ಯಾಯ ಹೊಸದರಲ್ಲಿ ಬಿಟ್ಟುಹೋಗಿದೆ. ಬರೆಸಿಟ್ಟ ಮುಖತ್ಯಾರ ಪತ್ರವೂ, ಬರೆದವರು ಸ್ವಸ್ಥಚಿತ್ತ ಕಳೆದುಕೊಂಡ ಕ್ಷಣ, 1872ರ ಕರಾರು ಕಾಯಿದೆಯಂತೆ ಬಲ ಕಳೆದುಕೊಳ್ಳುತ್ತದೆ. ಬ್ಯಾಂಕಿನಲ್ಲಿರುವ ತಾಯಿಯ ಹಣ ತಾಯಿಯ ಔಷಧಕ್ಕೇ ಸಿಗದೆ ಮಕ್ಕಳು ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತುವುದುಂಟು. 1742ರ ಡಬ್ಲಿನ್ನಿನಲ್ಲಿ ಇದ್ದ ಉತ್ತರ ಇಂದಿನ ಪುಣೆಯಲ್ಲಿ ಅಷ್ಟು ಸುಲಭವಾಗಿ ದೊರೆಯದು. ರಜೆಯ ಮಾತೂ ಹೀಗೆಯೇ: 2008ರಿಂದ ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಶಿಶುಪಾಲನೆಗೆ 730 ದಿನಗಳ ರಜೆ ಇದೆ, ಮುಪ್ಪಿನ ಪಾಲನೆಗೆಂದೇ ಅಂಥ ಪ್ರತ್ಯೇಕ ರಜೆಯಿಲ್ಲ. ಆ ನೌಕರವರ್ಗಕ್ಕೆ ಸೇರಿದ ನಮಗೆ ಗಳಿಕೆ ರಜೆಯೇ ಗತಿ.

ಈ ಚರಿತ್ರೆಯಿಂದ ಮನೆಮಂದಿಗೆ ದಕ್ಕುವ ಪಾಠ ಸರಳವಾದದ್ದು: ಬೇಗ ಕೇಳಬೇಕು. ಮರೆವೆಲ್ಲ ಡಿಮೆನ್ಶಿಯಾ ಅಲ್ಲ. ಥೈರಾಯ್ಡಿನ ದೋಷ, ಬಿ12 ಕೊರತೆ, ಖಿನ್ನತೆ, ಕಿವಿ ಮಂದವಾಗುವುದು ಇವೂ ಹಾಗೆಯೇ ಕಾಣುತ್ತವೆ, ಮತ್ತು ಇವಕ್ಕೆ ಪರಿಹಾರವಿದೆ. ರೋಗವೇ ಆಗಿದ್ದರೂ ಹಿರಿಯರು ಇನ್ನೂ ತಿಳಿದು ಸಹಿ ಹಾಕಬಲ್ಲ ದಿನಗಳಲ್ಲಿ ಉಯಿಲು, ಜಂಟಿ ಖಾತೆ, ಚಿಕಿತ್ಸೆಯ ಇಚ್ಛೆ ಎಲ್ಲವನ್ನೂ ಅವರೊಂದಿಗೇ ಕುಳಿತು ಬರೆದಿಡಬಹುದು. ಹಿರಿಯರ ಸಹಾಯವಾಣಿ 14567. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಇನ್ನು ನಮ್ಮಂಥ ಬಳಗಗಳು. ರಾಜ್ಯೋತ್ಸವ, ಯುಗಾದಿ, ಕವಿಗೋಷ್ಠಿಗಳನ್ನು ನಡೆಸುವ ಹೊರನಾಡ ಸಂಘಗಳ ಬಳಿ ಯಾವ ಆಸ್ಪತ್ರೆಯಲ್ಲಿಯೂ ಸಿಗದ ಒಂದು ವಸ್ತುವಿದೆ, ಅದು ಕನ್ನಡದ ಮಾತು. ಪರೀಕ್ಷೆಗೆಂದು ವೈದ್ಯರ ಮುಂದೆ ಕುಳಿತ ಹಿರಿಯರ ಪಕ್ಕದಲ್ಲಿ ಪ್ರಶ್ನೆಯನ್ನು ಅವರ ಊರಿನ ಕನ್ನಡಕ್ಕೆ ತಿರುಗಿಸಿ ಹೇಳುವ ಒಬ್ಬರು, ವಾರದಲ್ಲೊಂದು ಮಧ್ಯಾಹ್ನ ಅವರೊಂದಿಗೆ ಹರಟಿ ಮನೆಯವರಿಗೆ ಎರಡು ಗಂಟೆಯ ಬಿಡುವು ಕೊಡುವ ಇನ್ನೊಬ್ಬರು: ಇಷ್ಟಕ್ಕೆ ಕಟ್ಟಡ ಬೇಡ, ಅನುದಾನ ಬೇಡ. ಸದಸ್ಯತ್ವದ ಅರ್ಜಿಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು: ಮನೆಯಲ್ಲಿ ಹಿರಿಯರಿದ್ದಾರೆಯೇ, ಅವರೊಂದಿಗೆ ಕನ್ನಡದಲ್ಲಿ ಮಾತನಾಡಲು ಯಾರಾದರೂ ಬೇಕೇ?