ರಜೆಯಲ್ಲಿ ಹಳ್ಳಿ ಎಣಿಸಲು ಹೋದವರು

"ಅಕ್ಕಾ, ಸರ್ಕಾರದಲ್ಲಿ ಇಂಟರ್ನ್‌ಶಿಪ್ ಎಲ್ಲಿ ಸಿಗುತ್ತೆ?" ಫೆಬ್ರವರಿ ದಾಟುತ್ತಿದ್ದಂತೆ ಈ ಪ್ರಶ್ನೆ ನನ್ನ ಫೋನಿಗೆ ಬರತೊಡಗುತ್ತದೆ. ಕೇಳುವವರು ಹೆಚ್ಚಾಗಿ ಅರ್ಥಶಾಸ್ತ್ರ ಓದುವ ಬಿ.ಎ., ಎಂ.ಎ. ಹುಡುಗ ಹುಡುಗಿಯರು. ಅಪ್ಪ ಅಮ್ಮ ದೊಡ್ಡಬಳ್ಳಾಪುರದ ಕಡೆ ರಾಗಿ, ದ್ರಾಕ್ಷಿ, ಹೂವು ಬೆಳೆಯುವವರು, ಇಲ್ಲವೇ ಬೆಳೆಯುವುದನ್ನು ಬಿಟ್ಟವರು. ನಾನು ಆರ್ಥಿಕ ಚರಿತ್ರೆಯಲ್ಲಿ ಪಿಎಚ್.ಡಿ. ಮಾಡುತ್ತಿರುವವಳು, ಇರುವುದು ರಾಜಾನುಕುಂಟೆಯಲ್ಲಿ. ಇಲ್ಲಿಂದ ಬೆಂಗಳೂರಿನ ಕಡೆ ಹೊರಟರೆ ಯಲಹಂಕ, ಜಿ.ಕೆ.ವಿ.ಕೆ., ಹೆಬ್ಬಾಳ. ಇನ್ನೊಂದು ರಸ್ತೆ ಹಿಡಿದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. ಸರ್ಕಾರ ನೂರಿಪ್ಪತ್ತು ವರ್ಷಗಳಿಂದ ಬೇಸಾಯ ಕಲಿಯಲು ಮತ್ತು ಕಲಿಸಲು ನೆಲ ಹಿಡಿದು ಕೂತಿರುವ ಸೀಮೆ ಇದು. ಇಲ್ಲಿನ ಮಕ್ಕಳೇ ದೆಹಲಿಯ ಅರ್ಜಿ ನಮೂನೆ ಹುಡುಕಿಕೊಂಡು ಓಡಾಡುತ್ತಾರೆ. ಇದು ಹೀಗಾದದ್ದು ಹೇಗೆ ಎಂಬುದಕ್ಕೆ ಒಂದು ಚರಿತ್ರೆ ಇದೆ.

1899ರಲ್ಲಿ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಜಮೀನನ್ನು ಕೃಷಿ ಪ್ರಯೋಗಕ್ಕೆ ಕೊಟ್ಟರು. ಅಡಾಲ್ಫ್ ಲೇಮನ್ ಎಂಬ ರಸಾಯನಶಾಸ್ತ್ರಜ್ಞರು ಅಲ್ಲಿ ಕೆಲಸ ಆರಂಭಿಸಿದರು. 1908ರಲ್ಲಿ ಕೆನಡಾದಿಂದ ಲೆಸ್ಲಿ ಕೋಲ್ಮನ್ ಬಂದರು. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ರೂಢಿಗೆ ತಂದವರೆಂದು ಇವತ್ತಿಗೂ ತೋಟಗಾರರು ನೆನೆಯುವುದು ಇವರನ್ನೇ. 1913ರಲ್ಲಿ ಹೆಬ್ಬಾಳದಲ್ಲೇ ಕೃಷಿ ಶಾಲೆ ತೆರೆಯಿತು. ವಿದ್ಯಾರ್ಥಿಗಳು ಅಲ್ಲೇ ಉಳಿದುಕೊಂಡು, ನೇಗಿಲು ಹಿಡಿದು ಕಲಿಯುವ ವ್ಯವಸ್ಥೆ. ಆ ಶಾಲೆಗೆ ಇಂಟರ್ನ್‌ಶಿಪ್ ಎಂಬ ಪದ ಬೇಕಾಗಿರಲಿಲ್ಲ; ಓದೂ ಕೆಲಸವೂ ಒಂದೇ ಬೇಲಿಯೊಳಗಿದ್ದವು.

ಬೇಲಿಯ ಹೊರಗಿನ ಕಲಿಕೆ ಇದ್ದದ್ದು ಇನ್ನೊಂದು ಕಡೆ, ಅಮಲ್ದಾರರ ಕಚೇರಿಯಲ್ಲಿ. ಮೈಸೂರು ಸಿವಿಲ್ ಸರ್ವೀಸಿಗೆ ಆಯ್ಕೆಯಾದ ಹುಡುಗರು ಪ್ರೊಬೇಷನರ್ ಆಗಿ ತಾಲ್ಲೂಕು ಸುತ್ತಿ, ಪಹಣಿ ನೋಡಿ, ಜಮಾಬಂದಿಯಲ್ಲಿ ಕೂತು ಕೆಲಸ ಕಲಿಯುತ್ತಿದ್ದರು. 1914ರಲ್ಲಿ ಹಾಗೆ ಸೇರಿದವರಲ್ಲಿ ಮಾಸ್ತಿ ಒಬ್ಬರು. ನವರತ್ನ ರಾಮರಾಯರ 'ಕೆಲವು ನೆನಪುಗಳು' ಓದಿದವರಿಗೆ ಆ ಅಮಲ್ದಾರಿ ಲೋಕದ ಪರಿಚಯವಿರುತ್ತದೆ. ಕನ್ನಡ ಗದ್ಯದ ಒಂದು ಒಳ್ಳೆಯ ಧಾರೆ ಹುಟ್ಟಿದ್ದೇ ಸರ್ಕಾರ ಪಗಾರ ಕೊಟ್ಟು ಹಳ್ಳಿಗೆ ಕಳಿಸಿದ ಯುವಕರಿಂದ ಎಂದರೆ ಅತಿಶಯವಾಗಲಾರದು. ಪಗಾರ ಎಂಬ ಮಾತನ್ನು ಬೇಕೆಂದೇ ಹೇಳಿದೆ, ಮುಂದೆ ಅದು ಬೇಕಾಗುತ್ತದೆ.

1911ರಲ್ಲಿ ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ ಮೈಸೂರು ಆರ್ಥಿಕ ಸಮ್ಮೇಳನ ಶುರುವಾಯಿತು. ಕೃಷಿಗೆ, ಶಿಕ್ಷಣಕ್ಕೆ, ಕೈಗಾರಿಕೆ ಮತ್ತು ವಾಣಿಜ್ಯಕ್ಕೆ ಒಂದೊಂದು ಸಮಿತಿ. ಇಷ್ಟಾದರೂ ಹಳ್ಳಿಯ ಲೆಕ್ಕ ಸಿಗುತ್ತಿದ್ದದ್ದು ಶಾನುಭೋಗರ ಕಡತದಿಂದಲೇ. ವಿದ್ಯಾರ್ಥಿಗಳನ್ನು ಆ ಕೆಲಸಕ್ಕೆ ಹಚ್ಚುವ ಯೋಚನೆ ಮೊದಲು ಗಟ್ಟಿಯಾಗಿ ಜಾರಿಯಾದದ್ದು ನಮ್ಮ ಪಕ್ಕದ ಮದ್ರಾಸಿನಲ್ಲಿ. ದಕ್ಷಿಣ ಕನ್ನಡವೂ ಬಳ್ಳಾರಿಯೂ ಆಗ ಮದ್ರಾಸ್ ಪ್ರಾಂತ್ಯಕ್ಕೇ ಸೇರಿದ್ದವಲ್ಲ.

1915ರ ಕೊನೆಯಲ್ಲಿ ಗಿಲ್ಬರ್ಟ್ ಸ್ಲೇಟರ್ ಎಂಬ ಇಂಗ್ಲಿಷರು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ಅದಕ್ಕೂ ಮೊದಲು ಆಕ್ಸ್‌ಫರ್ಡಿನಲ್ಲಿ ಕಾರ್ಮಿಕರಿಗೆಂದು ಇದ್ದ ರಸ್ಕಿನ್ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ಇಂಗ್ಲಿಷ್ ಪಠ್ಯದ ಅರ್ಥಶಾಸ್ತ್ರ ಇಲ್ಲಿನ ಹುಡುಗರಿಗೆ ಬರೀ ಉರು ಹೊಡೆಯುವ ಸರಕಾಗುವುದು ಬೇಡವೆಂದು ಅವರು ಒಂದು ಪ್ರಶ್ನಾವಳಿ ಬರೆದು ಕೈಗಿತ್ತರು. ರಜೆಗೆ ಊರಿಗೆ ಹೋಗುತ್ತೀರಿ, ಬರುವಾಗ ಒಂದು ಹಳ್ಳಿಯ ಲೆಕ್ಕ ತನ್ನಿ. ಜಮೀನೆಷ್ಟು, ಯಾರದು, ಎತ್ತು ಎಷ್ಟು, ಕೂಲಿ ಏನು, ಸಾಲ ಯಾರ ಹತ್ತಿರ, ಹೀಗೆ. ಹುಡುಗರು ತಂದ ವರದಿಗಳು 1918ರಲ್ಲಿ 'ಸಮ್ ಸೌತ್ ಇಂಡಿಯನ್ ವಿಲೇಜಸ್' ಎಂಬ ಪುಸ್ತಕವಾದವು. ಇದೇ ಕಾಲಕ್ಕೆ ಪುಣೆಯ ಕೃಷಿ ಕಾಲೇಜಿನ ಹೆರಾಲ್ಡ್ ಮನ್ ದಖ್ಖನಿನ ಒಂದು ಹಳ್ಳಿಯನ್ನು ಅಳೆದು 1917ರಲ್ಲಿ ಪ್ರಕಟಿಸಿದ್ದರು. ಆದರೆ ಸ್ಲೇಟರ್ ಮಾಡಿದ್ದು ಬೇರೆ ತರಹ, ಅಲ್ಲಿ ಅಳೆದವರೇ ವಿದ್ಯಾರ್ಥಿಗಳು.

ಆ ರಜೆಯ ಕೆಲಸ ಎಷ್ಟು ಬಾಳಿತೆಂದು ನೋಡಿ. 1936-37ರಲ್ಲಿ ಪಿ.ಜೆ. ಥಾಮಸ್ ಮತ್ತು ಕೆ.ಸಿ. ರಾಮಕೃಷ್ಣನ್ ಅದೇ ಹಳ್ಳಿಗಳಿಗೆ ಮತ್ತೆ ಹೋದರು. ಸ್ವಾತಂತ್ರ್ಯಾನಂತರ ಬೇರೆಯವರು ಹೋದರು. ಇರುವೇಲ್‌ಪಟ್ಟು ಎಂಬ ಹಳ್ಳಿಗೆ 2008ರವರೆಗೂ ಸಂಶೋಧಕರು ಹೋಗಿಬಂದರು. ಯಾರೋ ಕಾಲೇಜು ಹುಡುಗ ಬೇಸಿಗೆಯಲ್ಲಿ ಬರೆದಿಟ್ಟ ಲೆಕ್ಕದ ಮೇಲೆ ಒಂದು ಶತಮಾನದ ಕೃಷಿ ಚರಿತ್ರೆ ನಿಂತಿದೆ. ಇಂಟರ್ನ್‌ಶಿಪ್ಪಿನ ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸುವ ನಮ್ಮ ಕಾಲಕ್ಕೆ ಇದು ಸ್ವಲ್ಪ ತಮಾಷೆಯಾಗಿಯೂ ಕಾಣಬಹುದು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಆ ಹುಡುಗರು ತಮ್ಮ ಊರಿಗೆ ಹೋದರು, ಅಂದರೆ ತಮ್ಮ ಮನೆಯ ಜಗಲಿಗೆ ಹೋದರು. ಆಗಿನ ಮದ್ರಾಸಿನ ಕಾಲೇಜುಗಳಲ್ಲಿ ಹೆಚ್ಚಿನವರು ಮೇಲ್ಜಾತಿಯವರು. ಜಗಲಿಯಿಂದ ಕೇರಿ ಎಷ್ಟು ಕಾಣುತ್ತದೋ ಅಷ್ಟೇ ವರದಿಗೆ ಬರುತ್ತದೆ. ಕೂಲಿಯವನ ಸಾಲದ ಲೆಕ್ಕವನ್ನು ಸಾಲ ಕೊಟ್ಟವನ ಮಗ ಕೇಳಿದರೆ ಉತ್ತರ ಹೇಗಿರುತ್ತದೆ? ಹಳ್ಳಿಗೆ ಯಾರನ್ನು ಕಳಿಸುತ್ತೇವೆ ಎಂಬುದೂ ಲೆಕ್ಕದ ಒಂದು ಭಾಗ.

ನಮ್ಮ ಕಡೆ ಆ ಕೆಲಸವನ್ನು ಅತ್ಯಂತ ಚೆನ್ನಾಗಿ ಮಾಡಿದ್ದು ಹೊರಗಿನಿಂದ ಬಂದ ಒಬ್ಬ ಹೆಣ್ಣುಮಗಳು. ಮ್ಯಾಂಚೆಸ್ಟರಿನ ಸಂಶೋಧನಾ ವಿದ್ಯಾರ್ಥಿನಿ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ 1956ರವರೆಗೆ ಮಂಡ್ಯದ ಹತ್ತಿರ ಎರಡು ಹಳ್ಳಿಗಳಲ್ಲಿದ್ದು, ಕನ್ನಡ ಕಲಿತು, ಮನೆಮನೆಯ ಲೆಕ್ಕ ಬರೆದರು. ಆ ಹಳ್ಳಿಗಳಿಗೆ ವಂಗಲ, ದಲೇನ ಎಂದು ಬದಲಿ ಹೆಸರಿಟ್ಟರು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದಕ್ಕೆ ಬರಲಿಲ್ಲ. ನೀರು ಬಂದ ಊರು ಕಬ್ಬು ಬೆಳೆದು ಶ್ರೀಮಂತವಾಯಿತು, ಹಳೆಯ ನಡಾವಳಿಯನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ನೀರು ಬಾರದ ಊರಿನವರು ಸುತ್ತಲಿನ ಹೊಸ ಅನುಕೂಲಗಳ ಬೆನ್ನು ಹತ್ತಿ ಹೊರಗಿನ ಕೆಲಸ, ವ್ಯಾಪಾರ ಹಿಡಿದರು, ಸಮಾಜ ಹೆಚ್ಚು ಬದಲಾದದ್ದು ಅಲ್ಲಿ. 1962ರಲ್ಲಿ ಬಂದ ಆ ಪುಸ್ತಕ ಇಂದಿಗೂ ತರಗತಿಗಳಲ್ಲಿದೆ. 1970ರಲ್ಲಿ ಎಪ್‌ಸ್ಟೀನ್ ಮತ್ತೆ ಬಂದರು. 1998ರಲ್ಲಿ ನಲವತ್ತು ವರ್ಷಗಳ ಬದಲಾವಣೆಯ ಪುಸ್ತಕ ಬರೆದಾಗ ಎ.ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡರು ಸಹಲೇಖಕರು. ಸೂರ್ಯನಾರಾಯಣ ಮೊದಲು ಸಂಶೋಧನಾ ಸಹಾಯಕರಾಗಿದ್ದವರು. ಸಹಾಯಕನ ಹೆಸರು ರಕ್ಷಾಪುಟಕ್ಕೆ ಬರುವುದು ಅಪರೂಪ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಸಮಾಧಾನ ಕೊಡುವ ಸಂಗತಿ ಅದು.

ಹೆಬ್ಬಾಳದ ಶಾಲೆ 1946ರಲ್ಲಿ ಕಾಲೇಜಾಯಿತು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಯಿತು. ಅಮೆರಿಕದ ಲ್ಯಾಂಡ್ ಗ್ರಾಂಟ್ ವಿಶ್ವವಿದ್ಯಾಲಯಗಳ ಮಾದರಿ, ಟೆನೆಸೀ ವಿಶ್ವವಿದ್ಯಾಲಯದ ನೆರವು, ಮೊದಲ ಕುಲಪತಿ ಕೆ.ಸಿ. ನಾಯಕ್. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಎಂಬುದು ತತ್ತ್ವ. ಆದರೂ ಕೃಷಿ ಪದವೀಧರನಿಗೆ ಹಳ್ಳಿಯೇ ಗೊತ್ತಿಲ್ಲ ಎಂಬ ದೂರು ದೇಶದ ತುಂಬ ಇತ್ತು. ರಾಂಧಾವಾ ಸಮಿತಿ 1992ರಲ್ಲಿ ಇದಕ್ಕೊಂದು ದಾರಿ ಸೂಚಿಸಿತು. ಅದೇ ಗ್ರಾಮೀಣ ಕೃಷಿ ಕಾರ್ಯಾನುಭವ, ಹುಡುಗರ ಬಾಯಲ್ಲಿ 'ರಾವೆ'. ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಯಲ್ಲಿ ಬಿಡಾರ ಹೂಡಿ, ಒಬ್ಬೊಬ್ಬ ರೈತರ ಜೊತೆ ದುಡಿದು, ಬೀಜೋಪಚಾರ ತೋರಿಸಿ, ಗುಡಿಯ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುತ್ತಾರೆ. ಆ ರಂಗೋಲಿ ನಕ್ಷೆಯ ಫೋಟೊ ಜಿಲ್ಲಾ ಪುಟಗಳಲ್ಲಿ ನೀವು ನೋಡಿಯೇ ಇರುತ್ತೀರಿ. ನೋಡಿ ನಕ್ಕವರೂ ಇದ್ದಾರೆ. ಆದರೆ ನಕ್ಷೆ ಬಿಡಿಸುವಾಗ, "ಅಲ್ಲಪ್ಪ, ಆ ಬಾವಿ ಈಗ ಇಲ್ಲ" ಎಂದು ಅಜ್ಜಿಯೊಬ್ಬಳು ತಿದ್ದುತ್ತಾಳಲ್ಲ, ಆ ತಿದ್ದುಪಡಿ ಯಾವ ಕಡತದಲ್ಲೂ ಸಿಗುವುದಿಲ್ಲ.

ರಾವೆ ಇರುವುದು ಕೃಷಿ ಪದವಿಯವರಿಗೆ. ಅವರಿಗೆ ಒಂದಿಷ್ಟು ಭತ್ಯೆಯೂ ಇದೆ. ಸಾಮಾನ್ಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದುವ ರೈತರ ಮಗಳಿಗೆ ಅಂಥದ್ದೇನೂ ಇಲ್ಲ. ಸ್ಲೇಟರ್ ಹಳ್ಳಿಗೆ ಕಳಿಸಿದ್ದು ಅರ್ಥಶಾಸ್ತ್ರದ ವಿದ್ಯಾರ್ಥಿಗಳನ್ನು. ನಾವು ಆ ಕೊಂಡಿಯನ್ನೇ ಕಳಚಿ, ಕೃಷಿಯನ್ನು ಒಂದು ಕ್ಯಾಂಪಸ್ಸಿಗೂ ಅರ್ಥಶಾಸ್ತ್ರವನ್ನು ಇನ್ನೊಂದಕ್ಕೂ ಹಂಚಿಬಿಟ್ಟೆವು. ಫೆಬ್ರವರಿಯ ಆ ಫೋನುಗಳು ಈ ಬಿರುಕಿನಿಂದ ಬರುತ್ತಿವೆ ಎಂಬುದು ನನ್ನ ಅನಿಸಿಕೆ.

ಈಗ ಆ ಪ್ರಶ್ನೆಗೆ ನಾನು ಕೊಡುವ ಉತ್ತರ. ಎಲ್ಲರೂ ಮೊದಲು ಕೇಳುವುದು ನೀತಿ ಆಯೋಗವನ್ನು. ಆರು ವಾರದಿಂದ ಆರು ತಿಂಗಳ ಅವಧಿ, ಸಂಭಾವನೆ ಇಲ್ಲ. ದೆಹಲಿಯಲ್ಲಿ ಎರಡು ತಿಂಗಳು ಕೋಣೆ ಬಾಡಿಗೆ, ಊಟ, ಓಡಾಟ ಯಾರು ಕೊಡಬೇಕು? ಮಾಸ್ತಿಯವರ ಕಾಲದ ಪ್ರೊಬೇಷನರಿಗೆ ಸಂಬಳವಿತ್ತು. ನೂರು ವರ್ಷದ ನಂತರ ಆಡಳಿತ ಕಲಿಯಬೇಕೆಂದರೆ ಮನೆಯಿಂದ ದುಡ್ಡು ತರಬೇಕು. ಹಾಗಾಗಿ ಮೊದಲು ನಬಾರ್ಡ್ ನೋಡಿ ಎನ್ನುತ್ತೇನೆ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಎಂಟರಿಂದ ಹನ್ನೆರಡು ವಾರದ ಯೋಜನೆ, ಸ್ಟೈಪೆಂಡ್ ಇದೆ, ಪ್ರಾದೇಶಿಕ ಕಚೇರಿ ಕೆಂಪೇಗೌಡ ರಸ್ತೆಯಲ್ಲೇ ಇದೆ. ಪ್ರಕಟಣೆ ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ಬರುತ್ತದೆ, ಕಾಲೇಜಿನ ನೋಟಿಸ್ ಬೋರ್ಡಿಗೆ ಬರುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ಆಮೇಲೆ ನಾಗರಭಾವಿಯ ಐಸೆಕ್. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಆ ಸಂಸ್ಥೆಯಲ್ಲಿ ಕೃಷಿ ಸಚಿವಾಲಯಕ್ಕಾಗಿ ಅಧ್ಯಯನ ಮಾಡುವ ಘಟಕವೇ ಇದೆ. ಜಾಹೀರಾತಿಗೆ ಕಾಯದೆ ಒಬ್ಬ ಅಧ್ಯಾಪಕರಿಗೆ ಒಂದು ಪುಟದ ಪತ್ರ ಬರೆಯಿರಿ: ಯಾವ ಬೆಳೆ, ಯಾವ ತಾಲ್ಲೂಕು, ನಿಮಗೇನು ಗೊತ್ತು.

ಜಿ.ಕೆ.ವಿ.ಕೆ.ಗೂ ಹೀಗೇ ಬರೆಯಬಹುದು, ಅಲ್ಲಿ ಒಂದು ಚಿನ್ನದ ಗಣಿ ಇದೆ. 1970-71ರಲ್ಲಿ ಶುರುವಾದ ಸಾಗುವಳಿ ವೆಚ್ಚದ ಯೋಜನೆಯ ಲೆಕ್ಕ ನಮ್ಮ ರಾಜ್ಯದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಮೂಲಕವೇ ನಡೆಯುತ್ತ ಬಂದಿದೆ. ಆಯ್ದ ಹಳ್ಳಿಯಲ್ಲಿ ಕ್ಷೇತ್ರ ಸಹಾಯಕನೊಬ್ಬ ಉಳಿದು, ಆಯ್ದ ಮನೆಗಳಲ್ಲಿ ಯಾರು ಎಷ್ಟು ಗಂಟೆ ಹೊಲದಲ್ಲಿದ್ದರು, ಎಷ್ಟು ಗೊಬ್ಬರ ಬಿತ್ತು, ಎತ್ತಿಗೆ ಎಷ್ಟು ಮೇವು ಎಂದು ಬರೆಯುತ್ತಾನೆ. ಅದೇ ಕೂಡಿ ಕಳೆದು ಕೇಂದ್ರದ ಬೆಲೆ ಆಯೋಗಕ್ಕೆ ಹೋಗಿ ಬೆಂಬಲ ಬೆಲೆಯ ಶಿಫಾರಸಾಗುತ್ತದೆ. ಎ2 ಎಂದರೆ ಕೈಯಿಂದ ಹೋದ ಖರ್ಚು, ಎಫ್.ಎಲ್. ಎಂದರೆ ಮನೆಯವರ ದುಡಿಮೆಯ ಬೆಲೆ, ಸಿ2 ಎಂದರೆ ಸ್ವಂತ ಜಮೀನಿನ ಬಾಡಿಗೆ ಮತ್ತು ಬಂಡವಾಳದ ಬಡ್ಡಿಯೂ ಸೇರಿದ್ದು. ರೈತ ಸಂಘಟನೆಗಳು ಬೀದಿಯಲ್ಲಿ ಕೂಗುವುದು ಈ ಅಕ್ಷರಗಳಿಗಾಗಿಯೇ. ಅಮ್ಮ ಕಳೆ ತೆಗೆದ ಅರ್ಧ ದಿನ ಆ ಪುಸ್ತಕದಲ್ಲಿ ಬಂತೋ ಇಲ್ಲವೋ ಎಂಬುದು ಕಳೆ ತೆಗೆದದ್ದನ್ನು ನೋಡಿ ಬೆಳೆದ ಹುಡುಗಿಗೆ ಬೇಗ ಹೊಳೆಯುತ್ತದೆ. ರಾಜ್ಯವೂ 2014ರಲ್ಲಿ ತನ್ನದೇ ಕೃಷಿ ಬೆಲೆ ಆಯೋಗ ಮಾಡಿತು, ಮೊದಲ ಅಧ್ಯಕ್ಷರು ಕೃಷಿ ಅರ್ಥಶಾಸ್ತ್ರಜ್ಞ ಪ್ರಕಾಶ್ ಕಮ್ಮರಡಿ.

ಯಾವ ಪ್ರಮಾಣಪತ್ರವೂ ಇಲ್ಲದ ಇಂಟರ್ನ್‌ಗಳೂ ಇದ್ದಾರೆ. ಬೆಳೆ ಸಮೀಕ್ಷೆಯ ಕಾಲದಲ್ಲಿ ಪ್ರತಿ ಹಳ್ಳಿಗೂ ಸ್ಥಳೀಯ ಯುವಕರನ್ನು ನೇಮಿಸುತ್ತಾರೆ, ಕಡತದಲ್ಲಿ ಅವರಿಗೆ 'ಖಾಸಗಿ ನಿವಾಸಿ' ಎಂಬ ವಿಚಿತ್ರ ಹೆಸರು. ಮೊಬೈಲ್ ಹಿಡಿದು ಸರ್ವೆ ನಂಬರಿಗೆ ಹೋಗಿ ಬೆಳೆಯ ಫೋಟೊ ತೆಗೆದು ಅಪ್‌ಲೋಡ್ ಮಾಡಿದರೆ ತಾಕಿನ ಲೆಕ್ಕದಲ್ಲಿ ಹಣ. ಬರ ಪರಿಹಾರಕ್ಕೂ ಬೆಳೆ ವಿಮೆಗೂ ಆ ಫೋಟೊ ಬೇಕು. ಸ್ಲೇಟರ್ ಕೇಳಿದ ಮೊದಲ ಪ್ರಶ್ನೆಗೆ, ಯಾವ ನೆಲದಲ್ಲಿ ಏನಿದೆ ಎಂಬುದಕ್ಕೆ, ಇಡೀ ರಾಜ್ಯದಲ್ಲಿ ಉತ್ತರ ಬರೆಯುತ್ತಿರುವವರು ಅವರು. ಆ ಹುಡುಗರು ಸಂದರ್ಶನಕ್ಕೆ ಹೋದಾಗ ಅನುಭವದ ಕಾಲಮ್ಮಿನಲ್ಲಿ ಸೊನ್ನೆ ಬರೆಯುತ್ತಾರೆ. ಹಾಗೆ ಬರೆಯಬೇಡಿ ಎಂದು ನಾನು ನಾಲ್ಕೈದು ಜನರಿಗೆ ಹೇಳಿದ್ದೇನೆ. ಎಷ್ಟು ತಾಕು, ಯಾವ ಹಂಗಾಮು, ಎಷ್ಟರಲ್ಲಿ ಪಹಣಿಗೂ ಹೊಲಕ್ಕೂ ತಾಳೆಯಾಗಲಿಲ್ಲ, ಇಷ್ಟು ಬರೆದರೆ ಸಾಕು.

ರಾಜಾನುಕುಂಟೆಯ ಸುತ್ತ ಈ ತಾಳೆಯಾಗದ ಲೆಕ್ಕವೇ ದೊಡ್ಡದು. ಜರ್ಮನಿಯ ವಿಶ್ವವಿದ್ಯಾಲಯಗಳೂ ಜಿ.ಕೆ.ವಿ.ಕೆ.ಯೂ ಸೇರಿ 2016ರಿಂದ ಕೆಲವು ವರ್ಷ ಬೆಂಗಳೂರಿನ ಅಂಚನ್ನು ಅಧ್ಯಯನ ಮಾಡಿದಾಗ, ಆರಿಸಿಕೊಂಡ ಎರಡು ಪಟ್ಟಿಗಳಲ್ಲಿ ಒಂದು ನಗರದ ಉತ್ತರಕ್ಕಿತ್ತು, 5 ಕಿಲೋಮೀಟರ್ ಅಗಲ, 40 ಕಿಲೋಮೀಟರ್ ಉದ್ದ. ನಮ್ಮ ಹುಡುಗರಿಗೆ ಅಷ್ಟು ದೊಡ್ಡದು ಬೇಡ. ಒಂದು ಊರು, ಸ್ಲೇಟರ್ ಕೇಳಿದಂಥ ಪ್ರಶ್ನೆಗಳು, ಎರಡು ಬೇಸಿಗೆ ರಜೆ ಸಾಕು. ಈ ಮೇ ತಿಂಗಳಲ್ಲಿ ದೊಡ್ಡಬಳ್ಳಾಪುರದ ಕಡೆಯ ಇಬ್ಬರು ತಮ್ಮ ಊರಿನಲ್ಲೇ ಶುರುಮಾಡಿದ್ದಾರೆ. ಒಬ್ಬಳು ಕೇರಿಯವಳು, ಇನ್ನೊಬ್ಬ ಜಮೀನು ಮಾರಿದ ಮನೆಯವನು. ಪ್ರಶ್ನಾವಳಿಯಲ್ಲಿ "ಎತ್ತು ಎಷ್ಟು" ಎಂಬುದನ್ನು ಹೊಡೆದುಹಾಕಿ "ಸೈಟು ಎಷ್ಟು" ಎಂದು ಬರೆದುಕೊಂಡಿದ್ದಾರೆ. ಸಾಲ ಯಾರ ಹತ್ತಿರ ಎಂಬ ಪ್ರಶ್ನೆಯನ್ನು ಹಾಗೇ ಇಟ್ಟಿದ್ದಾರೆ.